ಮಾತ್ರೆ ಸರಕಾರದ್ದು, ಗಂಜಿ ಯಾರದ್ದು?

ಶಂಕರನಾರಾಯಣದ ಪೇಟೆಯಲ್ಲಿ ನಿಂತು ಯಾರನ್ನಾದರೂ ಕೇಳಿರಿ, ಕ್ಷಯರೋಗಕ್ಕೆ ಮದ್ದುಂಟೇ ಎಂದು. ಉಂಟು, ಸರಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿಯೇ ಸಿಕ್ಕುತ್ತದೆ ಎನ್ನುತ್ತಾರೆ. ಮಾತು ಸುಳ್ಳಲ್ಲ. ತಿಂಗಳುಗಟ್ಟಲೆ ತಪ್ಪದೆ ನುಂಗಿದರೆ ರೋಗ ವಾಸಿಯಾಗುತ್ತದೆ ಎಂಬುದೂ ಸುಳ್ಳಲ್ಲ. ಹಾಗಿದ್ದರೆ ನಮ್ಮ ದೇಶದಲ್ಲಿ ವರ್ಷವೊಂದಕ್ಕೆ ಸುಮಾರು 3 ಲಕ್ಷ ಜನ ಈ ರೋಗದಿಂದ ಸಾಯುತ್ತಿರುವುದೇಕೆ? ಈ ಲೆಕ್ಕ ನಮ್ಮದಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

‘ಕುಡಿಯುತ್ತಿದ್ದ, ಬೀಡಿ ಸೇದುತ್ತಿದ್ದ, ಮಾತ್ರೆ ನಡುವೆ ಬಿಟ್ಟ, ಸತ್ತ’ ಎಂದು ಜಗಲಿಯ ಮೇಲೆ ಕುಳಿತು ತೀರ್ಪು ಕೊಡುವ ದೊಡ್ಡ ಮನುಷ್ಯರು ಎಲ್ಲ ಊರಿನಲ್ಲಿಯೂ ಇದ್ದಾರೆ. ಕುಡಿತ ಕೆಟ್ಟದ್ದು, ಮಾತ್ರೆ ಬಿಡುವುದು ಇನ್ನೂ ಕೆಟ್ಟದ್ದು, ಒಪ್ಪೋಣ. ಆದರೆ ಸತ್ತವನು ಉಂಡದ್ದೇನು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಈ ಮಹನೀಯರು ಕೇಳುವುದಿಲ್ಲ. ಕೇಳಿದರೆ ಉತ್ತರ ತಮ್ಮ ಅಂಗಳಕ್ಕೇ ಬಂದೀತೆಂಬ ಭಯ.

ಕ್ಷಯವೆಂದರೇ ಸವೆಯುವುದು. ನಮ್ಮ ಹಿರಿಯರು ಸುಮ್ಮನೆ ಆ ಹೆಸರಿಡಲಿಲ್ಲ. ರೋಗಾಣು ಒಳಹೊಕ್ಕು ಜ್ವರ ಏರಿದಾಗ ದೇಹ ಎಂದಿಗಿಂತ ಹೆಚ್ಚು ಉರಿಯುತ್ತದೆ. ಅದೇ ಹೊತ್ತಿಗೆ ಹಸಿವು ಸಾಯುತ್ತದೆ. ಹೊರಗಿನಿಂದ ಅನ್ನ ಬಾರದಿದ್ದಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ತಿನ್ನುತ್ತದೆ. ರೋಗಾಣುವಿನೊಡನೆ ಹೋರಾಡತಕ್ಕ ರಕ್ತದ ಸೈನಿಕರಿಗೂ ಬೇಕಾದುದು ಅದೇ ಬೇಳೆ, ಮೊಟ್ಟೆ, ಮೀನಿನ ಸತ್ವ. ಮಾತ್ರೆ ರೋಗಾಣುವನ್ನು ಕೊಲ್ಲಬಲ್ಲದು. ಸವೆದ ಮೈಯನ್ನು ಕಟ್ಟಲಾರದು.

ಇದು ವೇದಿಕೆಯ ಭಾಷಣವಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು 2019ರಿಂದ 2022ರವರೆಗೆ ಜಾರ್ಖಂಡದ 4 ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳಿಗೆ ಮಾತ್ರೆಯ ಜೊತೆಗೆ ತಿಂಗಳಿಗೆ 10 ಕಿಲೋ ಆಹಾರ ಕೊಟ್ಟು ನೋಡಿದರು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಇಷ್ಟೇ. ಬಂದ ರೋಗಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಮೊದಲೇ ಹೊಟ್ಟೆಗಿಲ್ಲದೆ ಬಡಕಲಾಗಿದ್ದವರು. ಮೊದಲ 2 ತಿಂಗಳಲ್ಲಿ ಯಾರ ತೂಕ ನೂರಕ್ಕೆ 5ರಷ್ಟು ಏರಿತೋ ಅವರಲ್ಲಿ ಸಾವಿನ ಸಂಭವ, ಏರದವರಿಗಿಂತ ನೂರಕ್ಕೆ 61ರಷ್ಟು ಕಡಿಮೆಯಾಗಿತ್ತು. 40 ಕಿಲೋ ತೂಗುವ ಆಳಿಗೆ ನೂರಕ್ಕೆ 5 ಎಂದರೆ ಬರೇ 2 ಕಿಲೋ. ಸಾವಿಗೂ ಬದುಕಿಗೂ ನಡುವೆ ನಿಂತದ್ದು ಅಷ್ಟೇ, 2 ಕಿಲೋ!

ಇನ್ನೊಂದು ಸಂಗತಿ ಕೇಳಿರಿ. ಅರ್ಧದಷ್ಟು ರೋಗಿಗಳ ಮನೆಯವರಿಗೂ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟರು. ಉಳಿದ ಮನೆಗಳಲ್ಲಿ ರೋಗಿಗೆ ಮಾತ್ರ. ಎಲ್ಲರೂ ಉಂಡ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಇಳಿಯಿತು. ಇದು 2023ರಲ್ಲಿ ಪ್ರಕಟವಾಗಿ ಲೋಕವೆಲ್ಲ ಓದಿದ ಫಲಿತಾಂಶ.

ಓದಿದವರು ಒಂದು ತಕರಾರು ತೆಗೆಯುತ್ತಾರೆ. 1956ರಲ್ಲಿ ಮದ್ರಾಸಿನಲ್ಲಿ ನಡೆದ ಪ್ರಯೋಗದಲ್ಲಿ, ಆರೋಗ್ಯಧಾಮದಲ್ಲಿ ಚೆನ್ನಾಗಿ ಉಂಡವರೂ ಗುಡಿಸಲಲ್ಲಿ ಅರೆಹೊಟ್ಟೆಯಲ್ಲಿದ್ದವರೂ ಮಾತ್ರೆಯಿಂದ ಸರಿಸುಮಾರು ಒಂದೇ ತೆರನಾಗಿ ಗುಣವಾಗಲಿಲ್ಲವೇ ಎನ್ನುತ್ತಾರೆ. ಆದರು, ನಿಜ. ಮನೆಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದ ಆ ಪ್ರಯೋಗ ಬಡವರಿಗೆ ಉಪಕಾರವನ್ನೇ ಮಾಡಿತು. ಆದರೆ ‘ಹಾಸಿಗೆ ಬೇಡ’ ಎಂದದ್ದನ್ನು ‘ಅನ್ನ ಬೇಡ’ ಎಂದು ಓದಿಕೊಂಡವರು ಯಾರು? ಬೊಕ್ಕಸದ ಬೀಗದ ಕೈ ಹಿಡಿದವರು! ಅದೇ ಮದ್ರಾಸಿನ ಸಂಸ್ಥೆ ಜಾರ್ಖಂಡದ ಕೆಲಸದಲ್ಲಿ ತಾನೂ ಕೈಜೋಡಿಸಿದೆ ಎಂಬುದನ್ನು ಈ ತಕರಾರಿನವರು ನೆನಪಿಡಲಿ.

ಸರಕಾರ ಏನೂ ಕೊಡುವುದಿಲ್ಲ ಎಂದರೆ ತಪ್ಪಾದೀತು. 2018ರಿಂದ ರೋಗಿಗೆ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಟ್ಟರು. 2024ರ ನವೆಂಬರಿನಲ್ಲಿ ಅದನ್ನು 1,000ಕ್ಕೆ ಏರಿಸಿದರು. ಶಾಲೆಯಲ್ಲಿ ಲೆಕ್ಕ ಕಲಿಸಿದವನಿಗೆ ಇದು ಕಷ್ಟದ ಲೆಕ್ಕವಲ್ಲ: ದಿನಕ್ಕೆ 33 ರೂಪಾಯಿ. ಎರಡು ಮೊಟ್ಟೆ, ಅರ್ಧ ಲೀಟರು ಹಾಲು, ಅಲ್ಲಿಗೆ ಮುಗಿಯಿತು. ಬೇಳೆಗೆ? ಬಂಗಡೆಗೆ? ಕುಚ್ಚಲಕ್ಕಿಗೆ? ಅದೂ ಇರಲಿ, ಮನೆಯಲ್ಲಿ ಮೂರು ಮಕ್ಕಳು ಕಣ್ಣು ಬಿಟ್ಟು ಕುಳಿತಿರುವಾಗ ತಾನೊಬ್ಬನೇ ಮೊಟ್ಟೆ ತಿನ್ನುವ ತಂದೆಯನ್ನು ಯಾವ ಊರಿನಲ್ಲಿ ಕಂಡಿದ್ದೀರಿ? ರೋಗಿಯ ಹೆಸರಿನ ತುತ್ತು ಮಕ್ಕಳ ಬಾಯಿಗೆ ಹೋಗುತ್ತದೆ. ಅದು ಮೋಸವಲ್ಲ, ತಾಯ್ತಂದೆಯರ ಧರ್ಮ. ಮೋಸವಿರುವುದು ಮನೆಯವರನ್ನು ಮರೆತ ಲೆಕ್ಕದಲ್ಲಿ.

ಉಳಿದದ್ದಕ್ಕೆ ದಾನಿಗಳನ್ನು ತೋರಿಸುತ್ತಾರೆ. 2022ರಿಂದ ‘ನಿಕ್ಷಯ ಮಿತ್ರ’ರೆಂಬ ಹೆಸರಿನಲ್ಲಿ ಉಳ್ಳವರು ರೋಗಿಗಳಿಗೆ ಆಹಾರದ ಬುಟ್ಟಿ ಕೊಡುವ ಏರ್ಪಾಡಿದೆ. ಕೊಡುವ ಕೈಯನ್ನು ನಾವು ಹಳಿಯುವುದಿಲ್ಲ. ಆದರೆ ದಾನಿಯ ಮನಸ್ಸು ಬದಲಾದ ತಿಂಗಳು ರೋಗಿ ಉಪವಾಸವಿರಬೇಕೇ? ಮಾತ್ರೆಯನ್ನು ದಾನಿಗಳ ಕೈಗೆ ಬಿಟ್ಟಿಲ್ಲವಲ್ಲ! ಮಾತ್ರೆ ಹಕ್ಕಾದರೆ ಅನ್ನ ಭಿಕ್ಷೆ ಹೇಗಾಯಿತು? 2025ರೊಳಗೆ ಕ್ಷಯ ನಿರ್ಮೂಲವೆಂದು 2018ರಲ್ಲಿ ಡಂಗುರ ಹೊಡೆದರು. 2025 ಬಂತು, ಕ್ಷಯ ಹೋಗಲಿಲ್ಲ.

ಇ.ಎಸ್.ಐ.ಗೆ ಸೇರಿದ ಕಾರ್ಖಾನೆಯ ಆಳಿಗೆ ಕ್ಷಯ ಬಂದರೆ, ಎರಡು ವರ್ಷದ ಸೇವೆ ಮೊದಲಾದ ನಿಯಮಗಳಿಗೆ ಒಳಪಟ್ಟು, ಕೂಲಿಯ ನೂರಕ್ಕೆ 80ರಷ್ಟು ಭತ್ಯೆ ಉಂಟು. ಗೇರುಬೀಜದ ಕಾರ್ಖಾನೆಯ, ಹೆಂಚಿನ ಕಾರ್ಖಾನೆಯ ಸಂಗಾತಿಗಳು ಇದನ್ನು ಕೇಳಿ ಪಡೆಯಬೇಕು. ಆದರೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸಿಗೆ, ತೋಟದ ಕೂಲಿಯವನಿಗೆ, ಸಣ್ಣ ಅಂಗಡಿಯವನಿಗೆ ಈ ಆಸರೆ ಎಲ್ಲಿದೆ? ಹಾಸಿಗೆ ಹಿಡಿದ ದಿನವೇ ಅವರ ಒಲೆ ಆರುತ್ತದೆ.

ಅಂಗಡಿಯವರೂ ಯೋಚಿಸಬೇಕು. ಕೂಲಿಯವನು ಮಲಗಿದರೆ ನಿಮ್ಮ ಕಡದ ಪುಸ್ತಕದಲ್ಲಿ ಅವನ ಲೆಕ್ಕ ಬೆಳೆಯುತ್ತದೆ. ಅವನು ಸತ್ತರೆ ಆ ಹಾಳೆಯನ್ನು ಹರಿದು ಎಸೆಯಬೇಕಾದವರು ನೀವೇ. ಕೆಮ್ಮಿನ ಗಾಳಿಯಂತೂ ಗಿರಾಕಿ ಯಾರು, ಧಣಿ ಯಾರು ಎಂದು ಕೇಳುವುದಿಲ್ಲ.

ಆದುದರಿಂದ ನಾವು ಕೇಳುವುದಿಷ್ಟು. ರೋಗ ಗೊತ್ತಾದ ದಿನದಿಂದಲೇ, ಕಾರ್ಡಿನ ಬಣ್ಣ ನೋಡದೆ, ರೋಗಿಗೂ ಮನೆಯ ಪ್ರತಿ ತಲೆಗೂ ಅಕ್ಕಿ, ಬೇಳೆ, ಎಣ್ಣೆ ನ್ಯಾಯಬೆಲೆ ಅಂಗಡಿಯಿಂದ ಸಿಕ್ಕಬೇಕು. 1,000 ರೂಪಾಯಿ ಅದರ ಮೇಲಿನ ಮೊಟ್ಟೆ, ಹಾಲು, ಮೀನಿಗೆ ಇರಲಿ. ಪ್ರತಿ ರೋಗಿಯನ್ನು ಮೊದಲ ದಿನವೂ ಪ್ರತಿ ತಿಂಗಳೂ ತೂಗಬೇಕು. ತೂಕ ಏರದವನನ್ನು ವೈದ್ಯರು ಕರೆದು ನೋಡಬೇಕು. ಇ.ಎಸ್.ಐ. ಇಲ್ಲದ ದುಡಿಯುವವರಿಗೂ ಕಾಯಿಲೆಯ ದಿನಗಳ ಕೂಲಿ ಸಿಕ್ಕಬೇಕು.

ಬಾಂಧವರೇ, ನಿಮ್ಮ ನೆರೆಮನೆಯಲ್ಲಿ ಮಾತ್ರೆ ತಿನ್ನುತ್ತಿರುವವನಿದ್ದರೆ ಇಂದೇ ಹೋಗಿ ಎರಡು ಮಾತು ಕೇಳಿರಿ: ಹಣ ಬಂತೇ? ತೂಕ ಏರಿತೇ? ಇಲ್ಲವೆಂದರೆ ಅವನೊಬ್ಬನನ್ನೇ ಆಸ್ಪತ್ರೆಗೆ ಕಳುಹಬೇಡಿರಿ. ಹತ್ತು ಮಂದಿ ಜೊತೆಗೆ ಹೋಗಿರಿ. ಒಬ್ಬನು ಕೇಳಿದರೆ ಬೇಡಿಕೊಂಡಂತೆ. ಹತ್ತು ಮಂದಿ ಕೇಳಿದರೆ ಅದು ಹಕ್ಕು.