ತೊಂಬತ್ತು ಪೌಂಡಿನ ಚಕ್ರಬಡ್ಡಿ

ಚಕ್ರಬಡ್ಡಿಯ ಲೆಕ್ಕ ಪ್ರೌಢಶಾಲೆಯ ಮಕ್ಕಳಿಗೆ ಹೊಸದಲ್ಲ. ಮೊದಲ ವರ್ಷ 90 ಪೌಂಡು. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಹಿಂದಿನ ವರ್ಷದ ಮೊತ್ತದ ಮೇಲೆ ಶೇ. 10ರಷ್ಟು ಹೆಚ್ಚಳ. ಎರಡನೆಯ ವರ್ಷ 99 ಪೌಂಡು, ಮೂರನೆಯ ವರ್ಷ 108 ಪೌಂಡು 90 ಪೆನ್ಸು. ಏಳು ವರ್ಷ ಉರುಳುವಷ್ಟರಲ್ಲಿ ಮೊತ್ತ ಹೆಚ್ಚುಕಡಿಮೆ ಇಮ್ಮಡಿ. 35 ವರ್ಷಗಳ ಅನಂತರ ಅದು 2,529 ಪೌಂಡು. 92 ವರ್ಷಗಳಾದರೆ? ಕ್ಯಾಲ್ಕ್ಯುಲೇಟರ್ ತೋರಿಸುವ ಸಂಖ್ಯೆ ಐದೂವರೆ ಲಕ್ಷ ಪೌಂಡನ್ನು ದಾಟುತ್ತದೆ.

ಇದು ಪಠ್ಯಪುಸ್ತಕಕ್ಕಾಗಿ ಹೊಸೆದ ಲೆಕ್ಕವಲ್ಲ. ವೇಲ್ಸ್‌ನ ಸ್ವಾನ್ಸೀ ನಗರದ ಹತ್ತಿರ, ಗವರ್ ಪರ್ಯಾಯದ್ವೀಪದ ಆಕ್ಸ್‌ವಿಚ್ ಎಂಬಲ್ಲಿ ರಜೆ ಕಳೆಯಲೆಂದು ಕಟ್ಟಿದ 91 ಕುಟೀರಗಳಿವೆ. ಅವುಗಳನ್ನು 99 ವರ್ಷಗಳ ಲೀಸಿನ ಮೇಲೆ ಕೊಡಲಾಗಿತ್ತು. ರಸ್ತೆ, ಬೇಲಿ, ಚರಂಡಿಗಳ ನಿರ್ವಹಣೆ ಮತ್ತು ಕಸ ವಿಲೇವಾರಿಗೆ ಪ್ರತಿ ಕುಟೀರದವರೂ ವರ್ಷಕ್ಕೆ 90 ಪೌಂಡಿನಿಂದ ಆರಂಭವಾಗುವ ಸೇವಾ ಶುಲ್ಕ ಕೊಡಬೇಕಿತ್ತು. ಬಹುಪಾಲು ಪತ್ರಗಳಲ್ಲಿ ಶುಲ್ಕವು ಮೂರು ವರ್ಷಕ್ಕೊಮ್ಮೆ ಶೇ. 10ರಷ್ಟು ಏರುತ್ತದೆ ಎಂದಿದ್ದರೆ, ಕೆಲವು ಪತ್ರಗಳಲ್ಲಿ ಪ್ರತಿ ವರ್ಷ ಏರುತ್ತದೆ ಎಂದಿತ್ತು. ವ್ಯತ್ಯಾಸ ಒಂದೆರಡು ಪದಗಳದ್ದು. ಆದರೆ 1980ರಲ್ಲಿ ಮಾಡಿಕೊಂಡ ಪತ್ರಕ್ಕೆ 2015ರ ಶುಲ್ಕವನ್ನು ಲೆಕ್ಕ ಹಾಕಿದರೆ ಒಂದು ಬಗೆಯಲ್ಲಿ 257 ಪೌಂಡು, ಇನ್ನೊಂದರಲ್ಲಿ 2,529 ಪೌಂಡು! ರಸ್ತೆ ಅದೇ, ಬೇಲಿಯೂ ಅದೇ.

ಪ್ರತಿ ವರ್ಷದ ಏರಿಕೆಗೆ ಸಿಕ್ಕಿಬಿದ್ದ 25 ಕುಟೀರಗಳವರ ತಕರಾರು ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2015ರ ಜೂನ್‌ನಲ್ಲಿ ಬಂದ ತೀರ್ಪು ಅವರ ವಿರುದ್ಧವಾಗಿತ್ತು. ಐವರು ನ್ಯಾಯಮೂರ್ತಿಗಳಲ್ಲಿ ಲಾರ್ಡ್ ಕಾರ್ನ್‌ವಾತ್ ಒಬ್ಬರು ಮಾತ್ರ ಕುಟೀರದವರ ಪರವಾಗಿ ನಿಂತರು. ಪತ್ರದ ಮಾತು ಸ್ಪಷ್ಟವಾಗಿದ್ದಾಗ, ಒಬ್ಬರಿಗೆ ನಷ್ಟವಾಯಿತು ಎಂಬ ಕಾರಣಕ್ಕೆ ಕೋರ್ಟು ಅದನ್ನು ತಿದ್ದಿ ಬರೆಯಲಾಗದು ಎಂಬುದು ಉಳಿದ ನಾಲ್ವರ ನಿಲುವು. ಸಹಿ ಹಾಕಿದವರು ಪೂರ್ತಿ ಮೂರ್ಖರೂ ಆಗಿರಲಿಲ್ಲ. ಬ್ರಿಟನ್ನಿನಲ್ಲಿ 1975ರಲ್ಲಿ ಬೆಲೆಯೇರಿಕೆ ಶೇ. 20ನ್ನು ಮೀರಿತ್ತು. ಆ ಕಾಲದ ಕಣ್ಣಿಗೆ ಶೇ. 10 ಅತಿಯಾಗಿ ಕಾಣಿಸಿರಲಿಕ್ಕಿಲ್ಲ. ಬೆಲೆಯೇರಿಕೆ ಮುಂದೆ ಇಳಿಯಿತು; ಪತ್ರದ ಶೇ. 10 ಇಳಿಯಲಿಲ್ಲ.

ಲೀಸ್ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ಭೋಗ್ಯ. ಇಡುಗಂಟು ಕೊಟ್ಟು ಎರಡು ಮೂರು ವರ್ಷ ವಾಸವಿದ್ದು, ಬಿಡುವಾಗ ಆ ಹಣವನ್ನು ಹಿಂದಕ್ಕೆ ಪಡೆಯುವ ಪದ್ಧತಿ ಅದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೀಸ್‌ಹೋಲ್ಡ್ ಫ್ಲ್ಯಾಟ್ ಹಾಗಲ್ಲ. ಅಲ್ಲಿ ಪೂರ್ತಿ ಬೆಲೆ ತೆತ್ತು, ಬ್ಯಾಂಕ್ ಸಾಲ ಮಾಡಿ ಕೊಂಡರೂ ಸಿಗುವುದು 99, 125 ಅಥವಾ 999 ವರ್ಷಗಳ ಅನುಭೋಗದ ಹಕ್ಕು. ಜಮೀನು ಮತ್ತು ಕಟ್ಟಡ ಮೂಲ ಮಾಲೀಕನದೇ. ನಮ್ಮಲ್ಲಿ ಅಪಾರ್ಟ್‌ಮೆಂಟ್ ಕೊಂಡವರಿಗೆ ನೆಲದಲ್ಲಿ ಅವಿಭಜಿತ ಪಾಲು ಇರುತ್ತದೆ, ನಿರ್ವಹಣಾ ವೆಚ್ಚವನ್ನು ನಿವಾಸಿಗಳ ಸಂಘ ಸಭೆ ಸೇರಿ ಗೊತ್ತುಮಾಡುತ್ತದೆ. ಅಲ್ಲಿ ಬಹಳಷ್ಟು ಕಟ್ಟಡಗಳಲ್ಲಿ ಮಾಲೀಕನೋ ಅವನು ನೇಮಿಸಿದ ಸಂಸ್ಥೆಯೋ ಖರ್ಚು ಮಾಡಿ ಬಿಲ್ಲು ಕಳುಹಿಸುತ್ತದೆ. ಸ್ಕಾಟ್ಲೆಂಡಿನ ಕಾನೂನು ಬೇರೆ. ಅಲ್ಲಿ ಫ್ಲ್ಯಾಟುಗಳು ಸಾಮಾನ್ಯವಾಗಿ ಕೊಂಡವರ ಪೂರ್ಣ ಒಡೆತನದಲ್ಲೇ ಇರುತ್ತವೆ. ಓದಲೆಂದು ಹೋಗಿ, ಕೆಲಸ ಹಿಡಿದು, ಊರಿನ ನಿವೇಶನ ಮಾರಿದ ತಂದೆಯ ಹಣವನ್ನೂ ಸೇರಿಸಿ ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಫ್ಲ್ಯಾಟ್ ಕೊಳ್ಳಹೊರಟ ಮಕ್ಕಳು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ಹಾಗಾದರೆ ಸೇವಾ ಶುಲ್ಕ ಏಕಾಏಕಿ ಏರಿದಾಗ ಪ್ರಶ್ನಿಸಲು ಬರುವುದಿಲ್ಲವೇ? ಬರುತ್ತದೆ. ಆದರೆ ಶುಲ್ಕ ಯಾವ ಜಾತಿಯದೆಂದು ಮೊದಲು ನೋಡಬೇಕು. ಆಕ್ಸ್‌ವಿಚ್‌ನಂತೆ ಮೊತ್ತವೂ ಏರಿಕೆಯೂ ಪತ್ರದಲ್ಲೇ ನಿಗದಿಯಾಗಿದ್ದರೆ ಅದು ಸ್ಥಿರ ಶುಲ್ಕ. ನಿಜವಾದ ಖರ್ಚಿಗೆ ತಕ್ಕಂತೆ ಏರಿಳಿಯುವುದಾದರೆ ಅದು ಬದಲಾಗುವ ಶುಲ್ಕ. ಫ್ಲ್ಯಾಟುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 19ನೆಯ ಕಲಮಿನ ರಕ್ಷಣೆ ಇರುವುದೂ ಇದಕ್ಕೇ. ಖರ್ಚು ನ್ಯಾಯವಾದುದಾಗಿರಬೇಕು, ಕೆಲಸದ ಗುಣಮಟ್ಟವೂ ಸಮಂಜಸವಾಗಿರಬೇಕು. ಇಲ್ಲವಾದರೆ ಅಷ್ಟರ ಮಟ್ಟಿಗೆ ಹಣ ಕೊಡಬೇಕಾಗಿಲ್ಲ.

ಇದೇ ಕಾಯ್ದೆಯಲ್ಲಿ ಇನ್ನೂ ಕೆಲವು ಆಯುಧಗಳಿವೆ. ದುರಸ್ತಿ ಕೆಲಸವೊಂದಕ್ಕೆ ಯಾವುದೇ ಫ್ಲ್ಯಾಟಿನವರ ಪಾಲು 250 ಪೌಂಡನ್ನು ಮೀರುವುದಾದರೆ ಮಾಲೀಕ ಮುಂಚಿತವಾಗಿ ಎಲ್ಲರಿಗೂ ನೋಟಿಸು ಕೊಟ್ಟು ಅಭಿಪ್ರಾಯ ಕೇಳಬೇಕು ಎಂದು 20ನೆಯ ಕಲಮು ಮತ್ತು 2003ರ ನಿಯಮಗಳು ವಿಧಿಸಿದವು. ಹಾಗೆ ಕೇಳದಿದ್ದರೆ, ನ್ಯಾಯಮಂಡಳಿ ವಿನಾಯಿತಿ ಕೊಡದ ಹೊರತು, ಆ ಮಿತಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಖರ್ಚಾಗಿ 18 ತಿಂಗಳು ಕಳೆದರೂ ಬಿಲ್ಲು ಕೊಡದೆ, ಖರ್ಚಾಗಿದೆ ಎಂಬ ನೋಟಿಸನ್ನೂ ಕೊಡದೆ ಇದ್ದರೆ ಆ ಹಣದ ಮೇಲಿನ ಹಕ್ಕು ಹೋಗುತ್ತದೆ. ಖರ್ಚಿನ ಸಾರಾಂಶವನ್ನು ಕೇಳುವ, ಅನಂತರ ರಶೀದಿಗಳನ್ನು ಕಣ್ಣಾರೆ ನೋಡುವ ಹಕ್ಕೂ ಉಂಟು.

ತಕರಾರು ಎಂದರೆ ಕಟ್ಟುವುದನ್ನೇ ನಿಲ್ಲಿಸಿ ಕೂರುವುದಲ್ಲ. ಅದು ಷರತ್ತು ಮುರಿದಂತಾಗಿ, ಕೊನೆಗೆ ಕೋರ್ಟಿನ ಮೂಲಕ ಲೀಸನ್ನೇ ರದ್ದುಪಡಿಸಲು ಮಾಲೀಕ ಮುಂದಾಗಬಹುದು. ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ದಾಖಲಿಸಿ ಹಣ ಕಟ್ಟಿದರೆ, ಕಟ್ಟಿದ ಮಾತ್ರಕ್ಕೆ ಬಿಲ್ಲನ್ನು ಒಪ್ಪಿದಂತಾಗದು ಎಂದು ಕಾನೂನೇ ಹೇಳುತ್ತದೆ. ಮೊದಲ ಹೆಜ್ಜೆ ಪತ್ರ ಬರೆದು ಲೆಕ್ಕ ಕೇಳುವುದು. ಎರಡನೆಯದು ಅಕ್ಕಪಕ್ಕದ ಫ್ಲ್ಯಾಟಿನವರೊಡನೆ ಸೇರುವುದು. ಮಾಳಿಗೆಯ ದುರಸ್ತಿಗೋ ವಿಮೆಗೋ ಬೇರೆ ಕಡೆಯಿಂದ ದರಪಟ್ಟಿ ತರಿಸಿಟ್ಟುಕೊಂಡರೆ ವಾದಕ್ಕೆ ಬಲ ಬರುತ್ತದೆ. ಆಗಲೂ ಬಗೆಹರಿಯದಿದ್ದರೆ ಇಂಗ್ಲೆಂಡಿನಲ್ಲಿ ಫಸ್ಟ್-ಟಿಯರ್ ಟ್ರಿಬ್ಯುನಲ್, ವೇಲ್ಸ್‌ನಲ್ಲಿ ಲೀಸ್‌ಹೋಲ್ಡ್ ವ್ಯಾಲ್ಯುಯೇಶನ್ ಟ್ರಿಬ್ಯುನಲ್ ಇದೆ. ಅರ್ಜಿ ಹಾಕುವಾಗಲೇ, ಮಾಲೀಕನ ವಕೀಲರ ಖರ್ಚನ್ನು ಮುಂದಿನ ಸೇವಾ ಶುಲ್ಕಕ್ಕೆ ಸೇರಿಸದಂತೆ 20ಸಿ ಕಲಮಿನಡಿ ಆದೇಶ ಕೇಳಿಕೊಳ್ಳಬೇಕು. ಇದನ್ನು ಮರೆತರೆ ಗೆದ್ದರೂ ಸೋತಂತೆ.

ಇಷ್ಟೆಲ್ಲ ಓಡಾಟಕ್ಕಿಂತ, ಕೊಳ್ಳುವ ಮುಂಚಿನ ಎರಡು ವಾರ ಹೆಚ್ಚು ಬೆಲೆಬಾಳುತ್ತವೆ. ಮಾರುವವರ ಕಡೆಯಿಂದ ಎಲ್‌ಪಿಇ 1 ಎಂಬ ಪ್ರಶ್ನಾವಳಿಗೆ ಉತ್ತರ ತರಿಸಿಕೊಳ್ಳುವುದು ಕೊಳ್ಳುವವರ ವಕೀಲರ ವಾಡಿಕೆ. ಕಳೆದ ಮೂರು ವರ್ಷಗಳ ಲೆಕ್ಕ, ಈ ವರ್ಷದ ಅಂದಾಜು, ಮೀಸಲು ನಿಧಿಯಲ್ಲಿರುವ ಹಣ, ಮುಂದೆ ಬರಲಿರುವ ದೊಡ್ಡ ದುರಸ್ತಿ, ಬಾಕಿ, ತಕರಾರು ಇವೆಲ್ಲ ಅಲ್ಲಿ ಹೊರಬರುತ್ತವೆ. ಮಾತುಕತೆಯ ನಡುವೆ ಹೊಸ ಅಂದಾಜು ಬಂದು ಶುಲ್ಕ ಜಿಗಿದರೆ ಕಾರಣ ಕೇಳಬೇಕು. ಬೆಲೆ ಇಳಿಸಿಕೊಳ್ಳಬಹುದು, ಲೆಕ್ಕ ಅಂತಿಮವಾಗುವವರೆಗೆ ಮಾರುವವರ ಹಣದಲ್ಲಿ ಒಂದು ಪಾಲನ್ನು ವಕೀಲರ ಬಳಿ ತಡೆದಿರಿಸುವಂತೆ ಕೇಳಬಹುದು, ಒಪ್ಪದಿದ್ದರೆ ಕೈಬಿಡಬಹುದು. ಕರಾರು ಪತ್ರಗಳ ವಿನಿಮಯ ಆಗುವವರೆಗೆ ಮಾತ್ರ ಈ ಸ್ವಾತಂತ್ರ್ಯ. ಖರೀದಿ ಮುಗಿದ ಮೇಲೆ ಬರುವ ಬಿಲ್ಲು ಹೊಸಬರ ತಲೆಗೆ.

ಈ ಕಾನೂನುಗಳನ್ನು ಬದಲಿಸಲು 2024ರಲ್ಲಿ ಇನ್ನೊಂದು ಕಾಯ್ದೆ ಬಂದಿದ್ದು, ಅದನ್ನು ಹಂತಹಂತವಾಗಿ ಜಾರಿಗೆ ತರಲಾಗುತ್ತಿದೆ. ಯಾವ ಭಾಗ ಜಾರಿಯಲ್ಲಿದೆ ಎಂಬುದನ್ನು ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಎಂಬ ಸರ್ಕಾರಿ ನೆರವಿನ ಸಂಸ್ಥೆ ಉಚಿತವಾಗಿ ತಿಳಿಸುತ್ತದೆ.

ಮಗಳೋ ಮಗನೋ ಅಲ್ಲಿಂದ ಲೀಸ್ ಪತ್ರದ ಪ್ರತಿ ಕಳುಹಿಸಿದರೆ, ಇಲ್ಲಿ ತಂದೆತಾಯಿಗಳು ಶುಲ್ಕದ ಕಲಮನ್ನು ಹುಡುಕಿ, ಮನೆಯಲ್ಲಿ ಪ್ರೌಢಶಾಲೆಗೆ ಹೋಗುವ ಮಗುವಿನ ಕೈಗೆ ಪೆನ್ಸಿಲ್ ಕೊಡಲಿ. ಅಭ್ಯಾಸಕ್ಕೆ ಒಂದು ಲೆಕ್ಕ: ಶುಲ್ಕ 1,500 ಪೌಂಡು, ಪ್ರತಿ ವರ್ಷ ಶೇ. 5 ಏರಿಕೆ, 20 ವರ್ಷಗಳ ಅನಂತರ ಎಷ್ಟು? ಸುಮಾರು 3,980 ಎಂಬ ಉತ್ತರ ಬಂದರೆ ಲೆಕ್ಕ ಸರಿ. ಆ ಹಣ ಹೊಂದಿಸಲು ಸಾಧ್ಯವೇ ಎಂಬುದನ್ನು ಸಹಿ ಹಾಕುವ ಮುನ್ನ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಲಿ.