ಸಮುದ್ರತೀರದ ಉಪವಾಸ

ಉಪವಾಸವೆಂಬ ಶಬ್ದಕ್ಕೆ ‘ಸಮೀಪದಲ್ಲಿ ವಾಸಮಾಡುವುದು’ ಎಂದು ಅಕ್ಷರಾರ್ಥ. ಅನ್ನವನ್ನು ಬಿಡುವುದೆಂಬುದು ರೂಢಿಯ ಅರ್ಥ. ಈ ಎರಡು ಅರ್ಥಗಳೂ ಒಂದೇ ಪ್ರಾಣಿಯಲ್ಲಿ ಕೂಡಿ ಬಂದಿರುವ ವಿಷಯವನ್ನು ಈ ತಿಂಗಳು ವಾಚಕರಿಗೆ ನಿವೇದಿಸಲಿಚ್ಛಿಸುತ್ತೇವೆ.

ಉತ್ತರ ಅಮೆರಿಕದ ಪಶ್ಚಿಮತೀರದಲ್ಲಿ, ಕ್ಯಾಲಿಫೋರ್ನಿಯದ ಆನ್ಯೋ ನುವೇವೊ ಮೊದಲಾದ ಮರಳುದಂಡೆಗಳಿಗೆ ಆನೆಸೀಲು ಎಂಬ ಪ್ರಾಣಿಯು ಪ್ರತಿ ಚಳಿಗಾಲದಲ್ಲಿಯೂ ಕಡಲಿನಿಂದ ಏರಿ ಬರುವುದು. ಇದು ಮೀನಲ್ಲ, ಗಾಳಿಯನ್ನು ಉಸಿರಾಡಿ ಮರಿಗೆ ಹಾಲೂಡಿಸುವ ಸಸ್ತನಿ. ಗಂಡಿನ ಮೂಗು ಸೊಂಡಿಲಿನಂತೆ ಜೋಲುವುದರಿಂದ ಈ ಹೆಸರು. ಇದರ ಆಹಾರವೆಲ್ಲ ಆಳವಾದ ಸಮುದ್ರದಲ್ಲಿ; ಹೆರಿಗೆಯೂ ಬಾಣಂತನವೂ ನೆಲದ ಮೇಲೆ. ಆದಕಾರಣ ಮರಿಯ ಬಳಿ ಇರಬೇಕಾದರೆ ತಾಯಿಯು ಊಟವನ್ನು ಬಿಡಲೇಬೇಕು.

ಸುಮಾರು ೫೦೦ ಕಿಲೋಗ್ರಾಂ ತೂಗುವ ತಾಯಿಯು ನಾಲ್ಕು ವಾರಗಳ ಕಾಲ ಒಂದು ತುತ್ತನ್ನೂ ಮುಟ್ಟದೆ ಹಾಲೂಡಿಸುವುದು. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು ನಾಲ್ಕು ಪಾಲಾದರೆ, ಇದರ ಹಾಲಿನಲ್ಲಿ ಕಡೆಕಡೆಗೆ ಐವತ್ತನ್ನು ಮೀರುವುದು. ಹುಟ್ಟಿದಾಗ ೪೦ ಕಿಲೋಗ್ರಾಂ ಇದ್ದ ಮರಿಯು ಹಾಲು ಬಿಡುವ ಹೊತ್ತಿಗೆ ೧೩೦ ತೂಗುವುದು. ತಾಯಿಯಾದರೋ ತನ್ನ ತೂಕದ ಐದರಲ್ಲಿ ಎರಡು ಪಾಲನ್ನು ಕಳೆದುಕೊಂಡು ಕಡಲಿಗೆ ಮರಳುವುದು. ಅನಂತರ ಮರಿಯೂ ಎರಡು ತಿಂಗಳಿಗೆ ಮೇಲ್ಪಟ್ಟು ದಡದಲ್ಲಿ ನಿರಾಹಾರವಾಗಿ ಉಳಿಯುವುದು.

ಇದು ಸಾಧ್ಯವಾಗುವ ಬಗೆ ಹೇಗೆ? ಮನುಷ್ಯನು ಅನ್ನ ಬಿಟ್ಟರೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಅಂಶವು ಸುಮಾರು ಒಂದು ದಿನದಲ್ಲಿ ತೀರುತ್ತ ಬರುವುದು. ಆಮೇಲೆ ಕೊಬ್ಬಿನೊಡನೆ ಮಾಂಸಖಂಡದ ಸಸಾರಜನಕವೂ ಕರಗತೊಡಗುವುದು. ಆನೆಸೀಲಿನ ದೇಹವು ಈ ಸಸಾರಜನಕವನ್ನು ಬಹು ಜೋಪಾನವಾಗಿ ಕಾಯ್ದುಕೊಳ್ಳುವುದು. ವ್ಯಯವಾಗುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕೊಬ್ಬಿನಿಂದಲೇ ಒದಗುವುದು. ಕೊಬ್ಬಿನಿಂದ ಇನ್ನೊಂದು ಲಾಭವುಂಟು. ಅದರೊಳಗಿನ ಜಲಜನಕವು ಉಸಿರಿನ ಆಮ್ಲಜನಕದೊಡನೆ ಕೂಡಿ ನೀರಾಗುವುದು. ೧೦೦ ಗ್ರಾಂ ಕೊಬ್ಬು ದಹಿಸಿದರೆ ಸುಮಾರು ೧೦೭ ಗ್ರಾಂ ನೀರು. ಸಸಾರಜನಕವು ಹೆಚ್ಚು ಕರಗದಿರುವುದರಿಂದ ಮೂತ್ರದಲ್ಲಿ ಹೊರಹಾಕಬೇಕಾದ ಕಲ್ಮಷವೂ ಸ್ವಲ್ಪವೇ, ನೀರಿನ ವ್ಯಯವೂ ಸ್ವಲ್ಪವೇ. ನಿದ್ರಿಸುವಾಗ ಈ ಪ್ರಾಣಿಯು ಹಲವು ನಿಮಿಷ ಉಸಿರನ್ನು ತಡೆದಿರುವುದು. ಹೊರಬರುವ ಉಸಿರಿನ ತೇವವು ಮೂಗಿನ ಸುರುಳಿಗಳಲ್ಲಿ ತಣಿದು ಒಳಗೇ ನಿಲ್ಲುವುದು. ಮರಿಯಲ್ಲಿಯಂತೂ ಉಪವಾಸವು ಮುಂದುವರಿದಂತೆ ಶಕ್ತಿಯ ಖರ್ಚೇ ಇಳಿಯುತ್ತ ಹೋಗುವುದು.

ಪ್ರಾಣವನ್ನು ಕಾಯುವ ಈ ಕೊಬ್ಬೇ ಒಮ್ಮೆ ಪ್ರಾಣಕ್ಕೆ ಮುಳುವಾಯಿತು. ೧೯ನೆಯ ಶತಮಾನದಲ್ಲಿ ಎಣ್ಣೆಯ ಆಸೆಗಾಗಿ ಮನುಷ್ಯರು ಇವನ್ನು ದಡದಲ್ಲಿಯೇ ಕೊಂದು ಕುಲವನ್ನು ಬಹುಮಟ್ಟಿಗೆ ಅಳಿಸಿದರು. ೧೯೨೨ರಲ್ಲಿ ಮೆಕ್ಸಿಕೋ ಸರಕಾರವು, ಅಳಿದುಳಿದವು ಆಶ್ರಯಿಸಿದ್ದ ಗ್ವಾಡಲೂಪೆ ದ್ವೀಪಕ್ಕೆ ರಕ್ಷಣೆಯಿತ್ತಿತು. ಇಂದು ಇವುಗಳ ಸಂಖ್ಯೆ ಮತ್ತೆ ಲಕ್ಷವನ್ನು ದಾಟಿದೆ.

ಇನ್ನು ಗೃಹಸ್ಥರಿಗೆ ಒಂದು ಮಾತು. ಎಳೆಕೂಸಿನ ತಾಯಂದಿರು ಏಕಾದಶಿಯಂದು ನೀರನ್ನೂ ಮುಟ್ಟದಿರುವುದನ್ನು ಮನೆಯ ಹಿರಿಯರು ಮೆಚ್ಚಿ ಆಡುವುದುಂಟು. ಆನೆಸೀಲು ದಡಕ್ಕೇರುವ ಮೊದಲು ಹಲವು ತಿಂಗಳು ಕಡಲಿನಲ್ಲಿ ಹೊಟ್ಟೆತುಂಬ ತಿಂದು ಕೊಬ್ಬನ್ನು ಕೂಡಿಟ್ಟಿರುವುದೆಂಬುದನ್ನು ಅವರು ನೆನೆಯಬೇಕು. ಆ ಕೊಬ್ಬೂ ಅಕ್ಷಯಪಾತ್ರೆಯಲ್ಲ; ಅದು ಸಾಲದ ತಾಯಿಯಲ್ಲಿ ಮಾಂಸಖಂಡವೇ ಹೆಚ್ಚಾಗಿ ಕರಗುವುದೆಂದು ಶಾಸ್ತ್ರಜ್ಞರು ಕಂಡಿದ್ದಾರೆ. ನಮ್ಮ ಹೆಣ್ಣುಮಕ್ಕಳಿಗೆ ಅಂಥ ಭಂಡಾರವೂ ಇಲ್ಲ, ದೇಹದಲ್ಲಿ ಆ ಏರ್ಪಾಡೂ ಇಲ್ಲ. ಬಾಲರಿಗೂ ವೃದ್ಧರಿಗೂ ರೋಗಿಗಳಿಗೂ ಧರ್ಮಶಾಸ್ತ್ರವೇ ವಿನಾಯಿತಿಯಿತ್ತಿರುವಾಗ, ಹಾಲೂಡಿಸುವವಳನ್ನು ಹಸಿದಿರಿಸುವುದು ಯಾವ ಧರ್ಮ? ಅವಳು ಹೊತ್ತಿಗೆ ಸರಿಯಾಗಿ ಉಂಡು ಕೂಸಿನ ಬಳಿಯಲ್ಲಿದ್ದರೆ, ಆ ಶಬ್ದದ ಮೊದಲ ಅರ್ಥದಲ್ಲಿ ಉಪವಾಸವು ಸಾಂಗವಾಗಿ ನಡೆದಂತೆಯೇ ಎಂದು ನಾವು ಭಾವಿಸುತ್ತೇವೆ.