ಮೋಟಾರು ಕೂಡಿಸುವ ಬೈಸಿಕಲ್ಲು: ಮೊದಲು ನೋಡಬೇಕಾದುದೇನು?

ಬೈಸಿಕಲ್ಲಿಗೆ ಮೋಟಾರನ್ನು ಕೂಡಿಸಿ ಓಡಿಸಬೇಕೆಂಬ ಹಂಬಲ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಹಲವರಿಗೆ ಉಂಟು. ಇದು ಮೆಚ್ಚತಕ್ಕ ಹಂಬಲವೇ ಸರಿ. ಆದರೆ ಅವರು ಚರ್ಚಿಸುವುದೆಲ್ಲ ಮೋಟಾರಿನ ವಿಚಾರ. ಅದನ್ನು ಹೊರಬೇಕಾದ ಬೈಸಿಕಲ್ಲಿನ ವಿಚಾರ ಕೇಳಿದರೆ, ಕೂರಲು ಸುಖವಾದ ಕ್ರೂಸರ್ ಒಂದಿದ್ದರೆ ಸಾಕೆಂಬ ಉತ್ತರ ಬರುತ್ತದೆ. ಕ್ರೂಸರ್ ಒಳ್ಳೆಯ ಆಯ್ಕೆಯೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಸುಖವೊಂದನ್ನೇ ನೋಡಿ ಆರಿಸುವುದು ಅಪಾಯಕರವೆಂಬುದು ನಮ್ಮ ಅಭಿಪ್ರಾಯ.

ಕ್ರೂಸರ್ ಮಾದರಿ ಅಮೆರಿಕದ್ದು. 1933ರಲ್ಲಿ ಷಿಕಾಗೋ ನಗರದ ಶ್ವಿನ್ ಕಂಪನಿಯು 2⅛ ಅಂಗುಲ ಅಗಲದ ಉಬ್ಬಿದ ಟೈರುಗಳುಳ್ಳ ಬೈಸಿಕಲ್ಲನ್ನು ಹೊರತಂದಿತು. 1939ರಲ್ಲಿ ಬೈಸಿಕಲ್ಲಿಗೆ ಜೋಡಿಸಲೆಂದೇ ವಿಝರ್ ಎಂಬ ಪುಟ್ಟ ಪೆಟ್ರೋಲ್ ಎಂಜಿನ್ನು ಅಲ್ಲಿ ಮಾರಾಟಕ್ಕೆ ಬಂದಿತು. ಈ ಜೊತೆ ಹೊಂದಿಬಂದುದಕ್ಕೆ ಕಾರಣವುಂಟು. ಅಗಲವಾದ ಟೈರಿನಲ್ಲಿ ಗಾಳಿಯ ಒತ್ತಡ ಕಡಮೆ. ರಸ್ತೆಯ ಏರುಪೇರಿಗೆ ಅದು ತಾನೇ ಬಗ್ಗಿ, ಸವಾರನಿಗೆ ತಟ್ಟುವ ಧಕ್ಕೆಯನ್ನು ತಗ್ಗಿಸುತ್ತದೆ. ಚಕ್ರಗಳ ನಡುವಣ ಅಂತರ ಹೆಚ್ಚಾದುದರಿಂದ ಓಟ ತೊನೆಯದು. ಭಾರ ಹೆಚ್ಚೆಂಬ ದೋಷವನ್ನು ಮೋಟಾರು ಬಹುಮಟ್ಟಿಗೆ ಮರೆಸುತ್ತದೆ. ಮೇಲಾಗಿ, ದಣಿಯದ ಸವಾರನು ಎಚ್ಚರವಾಗಿರುತ್ತಾನೆ. ಆದುದರಿಂದ ಸುಖವೆಂಬುದು ಬರಿಯ ಭೋಗವಲ್ಲ.

ಇನ್ನು ದೋಷದ ಕಡೆಗೆ ಬರೋಣ. ಹಲವು ಕ್ರೂಸರುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದಾಗ ಹಿಡಿಯುವ ಬ್ರೇಕೊಂದೇ ಇರುತ್ತದೆ. ಅದು ಹಿಂಚಕ್ರಕ್ಕೆ ಮಾತ್ರ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ನಾವು ತರಗತಿಯಲ್ಲಿ ಕಲಿತಿದ್ದೇವೆ. ಸವಾರನೂ ಸೇರಿ ಒಟ್ಟು 100 ಕಿಲೋಗ್ರಾಂ ಇರುವ ಬೈಸಿಕಲ್ಲು ಗಂಟೆಗೆ 12 ಕಿಲೋಮೀಟರು ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 555 ಜೌಲ್. 24 ಕಿಲೋಮೀಟರಾದರೆ ಸುಮಾರು 2,220 ಜೌಲ್. ಬ್ರೇಕು ಸೆಕೆಂಡು ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 3 ಮೀಟರಿನಷ್ಟು ಕುಗ್ಗಿಸುವುದೆಂದಿಟ್ಟುಕೊಂಡರೆ, ಮೊದಲನೆಯದು 2 ಮೀಟರಿನೊಳಗೆ ನಿಲ್ಲುತ್ತದೆ. ಎರಡನೆಯದಕ್ಕೆ ಸುಮಾರು 7½ ಮೀಟರು ಬೇಕು. ಸವಾರನು ಎಚ್ಚೆತ್ತು ಬ್ರೇಕು ಹಿಡಿಯುವುದರೊಳಗೆ ಕ್ರಮಿಸುವ ದೂರ ಇದಕ್ಕೆ ಬೇರೆ. ಇದಲ್ಲದೆ, ಬ್ರೇಕು ಹಿಡಿದೊಡನೆ ಭಾರವು ಮುಂಚಕ್ರದ ಕಡೆಗೆ ಸರಿಯುತ್ತದೆ. ಹಿಂಚಕ್ರದ ಹಿಡಿತ ಸಡಿಲಿ ಅದು ಜಾರುತ್ತದೆ. ಹೀಗಾಗಿ ಮುಂಚಕ್ರಕ್ಕೆ ಒಳ್ಳೆಯ ಬ್ರೇಕಿಲ್ಲದ, ಅದನ್ನು ಜೋಡಿಸಲು ಅನುಕೂಲವೂ ಇಲ್ಲದ ಬೈಸಿಕಲ್ಲು ಎಷ್ಟೇ ಸುಖವಾಗಿದ್ದರೂ ಅದನ್ನು ಕೊಳ್ಳತಕ್ಕದ್ದಲ್ಲ.

ಎರಡನೆಯದಾಗಿ ನೋಡಬೇಕಾದುದು ಚೌಕಟ್ಟು. ನಮ್ಮ ಮತವು ಉಕ್ಕಿನ ಕಡೆಗೆ. ಮತ್ತೆ ಮತ್ತೆ ಅದುರುವುದರಿಂದ ಲೋಹವೂ ದಣಿಯುತ್ತದೆ. ಪೀಡನವು ಒಂದು ಮಿತಿಯೊಳಗಿದ್ದರೆ ಉಕ್ಕು ಈ ದಣಿವನ್ನು ಬಹುಕಾಲ ತಾಳುತ್ತದೆ. ಅಲ್ಯೂಮಿನಿಯಮಿಗೆ ಅಂತಹ ಖಚಿತವಾದ ಮಿತಿಯಿಲ್ಲ. ಮೋಟಾರನ್ನು ಬಿಗಿಯಲು ಚೌಕಟ್ಟಿನ ಕೊಳವೆಗೆ ರಂಧ್ರ ಕೊರೆಯುವವರುಂಟು. ಎಳೆತಕ್ಕೆ ಸಿಕ್ಕಿದ ಅಗಲವಾದ ತಗಡಿನಲ್ಲಿ ಸಣ್ಣದೊಂದು ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಪೀಡನವು ಮೂರುಪಟ್ಟಾಗುತ್ತದೆ. ಬಿರುಕು ಹುಟ್ಟುವುದು ಅಲ್ಲಿಯೇ. ಆದುದರಿಂದ ಹಿಡಿಪಟ್ಟಿಗಳಿಂದ ಬಿಗಿಯಬೇಕೇ ಹೊರತು ಕೊರೆಯಬಾರದು. ಚೌಕಟ್ಟಿನ ನಡುವೆ ಬ್ಯಾಟರಿಗೆ ಸ್ಥಳವುಂಟೇ ಎಂಬುದನ್ನೂ ಕೊಳ್ಳುವ ಮುನ್ನವೇ ಅಳೆದು ನೋಡಬೇಕು. ಕ್ರೂಸರಿನಲ್ಲಿ ಸವಾರನ ಭಾರ ಮೊದಲೇ ಹಿಂದಕ್ಕಿರುತ್ತದೆ. ಬ್ಯಾಟರಿಯನ್ನೂ ಕ್ಯಾರಿಯರಿನ ಮೇಲೆ ಕಟ್ಟಿದರೆ ಮುಂಚಕ್ರ ಹಗುರಾಗಿ ಹಿಡಿತ ಕೆಡುತ್ತದೆ.

ಹೆಚ್ಚು ಶಕ್ತಿಯ ಮೋಟಾರು ಹಾಕಿದರೆ ತಪ್ಪೇನೆಂದು ಕೆಲವರು ಕೇಳಬಹುದು. ನೆಟ್ಟಗೆ ಕುಳಿತ ಸವಾರನ ಎದೆ ಗಾಳಿಗೆ ತಡೆಯಾಗುತ್ತದೆ. ಈ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಇಮ್ಮಡಿ ವೇಗಕ್ಕೆ ಎಂಟುಮಡಿ ಶಕ್ತಿ ಬೇಕು. ಕ್ರೂಸರ್ ವೇಗಕ್ಕಾಗಿ ಹುಟ್ಟಿದ ವಾಹನವಲ್ಲ. ನಮ್ಮ ದೇಶದ ಮೋಟಾರು ವಾಹನ ನಿಯಮಗಳಾದರೂ, 250 ವ್ಯಾಟಿಗಿಂತ ಕಡಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರನ್ನು ಮುಟ್ಟದ ವಿದ್ಯುತ್ ವಾಹನವನ್ನು ಮಾತ್ರ, ಇನ್ನಿತರ ಕೆಲವು ನಿಬಂಧನೆಗಳೊಡನೆ, ಮೋಟಾರು ವಾಹನಗಳ ಲೆಕ್ಕದಿಂದ ಬಿಟ್ಟಿವೆ. ಭೌತಶಾಸ್ತ್ರವೂ ಕಾನೂನೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ.

ಕೈಯಲ್ಲಿರುವ ಹಣ ಸ್ವಲ್ಪವೆಂದು ವಿದ್ಯಾರ್ಥಿಗಳು ಹೇಳುವುದು ಸಹಜ. ಹಾಗಿದ್ದಲ್ಲಿ ಮೋಟಾರಿನ ಖರೀದಿಯನ್ನು ಕೆಲವು ತಿಂಗಳು ಮುಂದೂಡಲಿ. ಮೊದಲು ಬ್ರೇಕು, ಬಳಿಕ ಚೌಕಟ್ಟು, ಅನಂತರ ಟೈರು ಮತ್ತು ಆಸನ, ಎಲ್ಲಕ್ಕೂ ಕೊನೆಗೆ ಮೋಟಾರು ಎಂಬ ಕ್ರಮವನ್ನು ಅನುಸರಿಸಲಿ. ಅದುವರೆಗೆ ಆ ಬೈಸಿಕಲ್ಲನ್ನು ಕಾಲಿನಿಂದಲೇ ತುಳಿದು ಅದರ ಗುಣದೋಷಗಳನ್ನು ಅರಿಯಬಹುದು.